ಒಂಬತ್ತು ವರ್ಷ ತೆಗೆದುಕೊಂಡ ಖಿನ್ನತೆಯ ಮಾತ್ರೆ: ಬಿಟ್ಟಾಗ ಆಗುವುದು ಕಾಯಿಲೆಯೋ, ಬಿಟ್ಟದ್ದರ ಪರಿಣಾಮವೋ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರಗಳು. ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು, ವಯಸ್ಸು ನಲವತ್ತಾರು. ಒಂಬತ್ತು ವರ್ಷಗಳ ಹಿಂದೆ, ಅಪ್ಪ ತೀರಿಕೊಂಡ ವರ್ಷ, ನಿದ್ದೆ ಊಟಗಳೆರಡೂ ಬಿಟ್ಟುಹೋಗಿ, ಪಾಠದ ನಡುವೆ ಮಾತು ಮರೆತು ಮಕ್ಕಳ ಮುಖ ನೋಡುತ್ತ ನಿಂತುಬಿಡುವ ಸ್ಥಿತಿಗೆ ಬಂದಾಗ ಮನೋವೈದ್ಯರ ಬಳಿಗೆ ಹೋದೆ. ಅವರು ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟರು. ಅದು ಮೈಗೆ ಹತ್ತಲು ಐದಾರು ವಾರ ಹಿಡಿಯಿತು. ಹತ್ತಿದ ಮೇಲೆ ನಾನು ಮತ್ತೆ ಮನುಷ್ಯಳಾದೆ. ಆ ಮಾತ್ರೆಯನ್ನು ದೂರುವುದಕ್ಕೆ ಇಲ್ಲಿ ಬರೆಯುತ್ತಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದು ಆರಂಭವಾದದ್ದು ಒಂಬತ್ತು ವರ್ಷಕ್ಕೆ ಬಂದು ನಿಂತಿದೆ. ಪ್ರತಿ ಸಲವೂ "ಚೆನ್ನಾಗಿದ್ದೀರಲ್ಲ, ಮುಂದುವರಿಸಿ" ಎಂಬ ಮಾತು, ಮತ್ತೆ ಮೂರು ತಿಂಗಳ ಚೀಟಿ. ಚೆನ್ನಾಗಿದ್ದೇನೆ ಎಂಬುದು ನಿಜ. ಆದರೆ ಅಳು ಬರಬೇಕಾದ ಕಡೆ ಅಳು ಬರುವುದಿಲ್ಲ, ಹಿಂದೆ ಗಂಟಲು ಕಟ್ಟಿಸುತ್ತಿದ್ದ ಪದ್ಯಗಳನ್ನು ಈಗ ಹಾಜರಿ ಕರೆದಂತೆ ಓದಿ ಮುಗಿಸುತ್ತೇನೆ. ಮೈ ತೂಕ ಹೆಚ್ಚಿದೆ. ದಾಂಪತ್ಯದ ವಿಷಯವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ; ತಿಳಿದವರು ತಿಳಿದುಕೊಳ್ಳುತ್ತಾರೆ.

ಎರಡು ಬಾರಿ ಬಿಡಲು ನೋಡಿದೆ. ಮೊದಲನೆಯದು ನನ್ನ ತಪ್ಪು. ಯಾರನ್ನೂ ಕೇಳದೆ ಒಂದು ದಿನ ನಿಲ್ಲಿಸಿ, ಐದನೆಯ ದಿನಕ್ಕೆ ಸೋತು ಮತ್ತೆ ನುಂಗಿದೆ. ಎರಡನೆಯದು ಕಳೆದ ಬೇಸಿಗೆ ರಜೆಯಲ್ಲಿ, ವೈದ್ಯರು ಹೇಳಿದ ಕ್ರಮದಲ್ಲಿಯೇ: ಎರಡು ವಾರ 5 ಮಿ.ಗ್ರಾಂ., ಮುಂದಿನ ಎರಡು ವಾರ ದಿನ ಬಿಟ್ಟು ದಿನ 5 ಮಿ.ಗ್ರಾಂ., ಆಮೇಲೆ ಪೂರ್ತಿ ನಿಲ್ಲಿಸುವುದು. ಮನೆಯಲ್ಲಿ 10ರ ಮಾತ್ರೆಗಳೇ ಉಳಿದಿದ್ದುದರಿಂದ ಅತ್ತೆಯವರ ಅಡಕತ್ತರಿಯಲ್ಲಿ ಅವನ್ನು ಎರಡು ಮಾಡಿಕೊಳ್ಳುತ್ತಿದ್ದೆ. ಒಂದು ಹೋಳು ದೊಡ್ಡದಾದರೆ ಇನ್ನೊಂದು ಪುಡಿಯಾಗುತ್ತಿತ್ತು. ದಿನ ಬಿಟ್ಟು ದಿನದ ವಾರಗಳಲ್ಲೇ ತಲೆ ಹಗುರಾಗತೊಡಗಿತು. ಪೂರ್ತಿ ನಿಲ್ಲಿಸಿದ ನಾಲ್ಕನೆಯ ದಿನ ಶಾಲೆ ಆರಂಭವಾಯಿತು. ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳ ಕಡೆಗೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಜುಂ ಎಂದು ಕರೆಂಟು ಹೊಡೆದಂತೆ ಆಗುತ್ತಿತ್ತು. ಕಣ್ಣು ಮೊದಲು ಬಂದು ತಲೆ ಆಮೇಲೆ ಬಂದ ಹಾಗೆ. ಸೀಮೆಸುಣ್ಣ ಹಿಡಿದ ಕೈ ಹಲಗೆಗೆ ಊರಿ, ತಿರುಗದೆಯೇ ಒಂದು ಪಿರಿಯಡ್ ಪಾಠ ಮಾಡಿದ್ದೇನೆ. ಅದರೊಂದಿಗೆ ವಾಕರಿಕೆ, ಬೆವರು, ಎಂದೂ ಕಾಣದಂಥ ಕೆಟ್ಟ ಕನಸುಗಳು, ಮಗಳ ಮೇಲೆ ಕಾರಣವಿಲ್ಲದ ಸಿಟ್ಟು. ಮೂರನೆಯ ವಾರ ಬಚ್ಚಲುಮನೆಯಲ್ಲಿ ಕುಳಿತು ಅತ್ತೆ. ವೈದ್ಯರು "ಕಾಯಿಲೆ ಮರಳಿದೆ, ನಿಮಗೆ ಇದು ಜೀವನಪೂರ್ತಿ ಬೇಕು" ಎಂದರು. ಮಾತ್ರೆ ಮತ್ತೆ ಆರಂಭಿಸಿದ ಎರಡೇ ದಿನಕ್ಕೆ ಎಲ್ಲವೂ ನಿಂತುಹೋಯಿತು.

ನನ್ನನ್ನು ಕಾಡುತ್ತಿರುವುದು ಇದೇ. ಮೊದಲ ಸಲ ಐದಾರು ವಾರ ತೆಗೆದುಕೊಂಡ ಮಾತ್ರೆ ಈ ಸಲ ಎರಡು ದಿನದಲ್ಲಿ ಹೇಗೆ ಗುಣಮಾಡಿತು? ಮೊದಲ ಸಲ ಇಲ್ಲದ ಆ ಕರೆಂಟು ಈಗ ಎಲ್ಲಿಂದ ಬಂತು? ಮರಳಿದ್ದು ಖಿನ್ನತೆಯೇ ಆಗಿದ್ದರೆ ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ತೆಗೆದುಕೊಂಡು ನಿಲ್ಲಿಸಿದವರು, ಅಥವಾ ಈ ವಿಷಯ ಬಲ್ಲವರು ಇದ್ದರೆ ದಯವಿಟ್ಟು ಬರೆಯಿರಿ.

ಕಡಲಕರೆ:

ತುಂಗಾತೀರ ಅವರೇ, ನಾನು ದಕ್ಷಿಣ ಕನ್ನಡದಲ್ಲಿ ಔಷಧಶಾಸ್ತ್ರ ಬೋಧಿಸುವವನು, ಚಿಕಿತ್ಸೆ ಕೊಡುವ ವೈದ್ಯನಲ್ಲ. ನಿಮ್ಮ ದೇಹಸ್ಥಿತಿಯನ್ನು ಕಂಡು ತೀರ್ಮಾನಿಸಬೇಕಾದವರು ನಿಮ್ಮ ವೈದ್ಯರೇ. ಆದರೆ ನೀವು ಕೇಳಿದ ಕೊನೆಯ ಎರಡು ಪ್ರಶ್ನೆಗಳಲ್ಲಿಯೇ ಉತ್ತರದ ಬಹುಪಾಲು ಇದೆ. ಖಿನ್ನತೆ ಮರುಕಳಿಸುವಾಗ ಸಾಮಾನ್ಯವಾಗಿ ವಾರಗಳ, ತಿಂಗಳುಗಳ ಲೆಕ್ಕದಲ್ಲಿ ಮೆಲ್ಲಗೆ ಕವಿಯುತ್ತದೆ, ಮತ್ತು ಮೊದಲ ಸಲ ಬಂದ ರೂಪವನ್ನೇ ಹೆಚ್ಚಾಗಿ ತೊಟ್ಟು ಬರುತ್ತದೆ. ಮಾತ್ರೆ ಬಿಟ್ಟದ್ದರ ಪರಿಣಾಮವಾದರೋ ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತೋರುತ್ತದೆ. ತಲೆಸುತ್ತು, ವಾಕರಿಕೆ, ಬೆವರು, ಗಾಢವಾದ ಕನಸುಗಳು ಮತ್ತು ನೀವು ವರ್ಣಿಸಿದ ಆ ವಿದ್ಯುತ್ತಿನ ಹೊಡೆತದಂಥ ಅನುಭವ ಅದರ ಗುರುತುಗಳು. ಕಣ್ಣು ಹೊರಳಿಸಿದಾಗ ಆ ಹೊಡೆತ ಬರುತ್ತದೆಂಬುದನ್ನು ಜಗತ್ತಿನ ಎಲ್ಲ ಕಡೆಯ ರೋಗಿಗಳೂ ಹೆಚ್ಚುಕಡಿಮೆ ನಿಮ್ಮ ಮಾತಿನಲ್ಲಿಯೇ ಹೇಳಿದ್ದಾರೆ. ಮಾತ್ರೆ ಮರಳಿ ಆರಂಭಿಸಿದ ಒಂದೆರಡು ದಿನಗಳಲ್ಲಿ ಪೂರ್ತಿ ಶಮನವಾಗುವುದೂ ಬಿಟ್ಟದ್ದರ ಪರಿಣಾಮದ ಲಕ್ಷಣವೇ ಹೊರತು ಖಿನ್ನತೆಯ ನಡೆಯಲ್ಲ. ತೊಡಕೆಂದರೆ ಅಳು, ಆತಂಕ, ಸಿಟ್ಟು, ನಿದ್ರಾಹೀನತೆಗಳು ಎರಡರಲ್ಲಿಯೂ ಇರುತ್ತವೆ. ವೈದ್ಯರು ಅಳುವನ್ನು ಕೇಳಿಸಿಕೊಂಡು ಕರೆಂಟನ್ನು ಕೇಳಿಸಿಕೊಳ್ಳದೆ ಹೋದರೆ ಎರಡನ್ನೂ ಕಾಯಿಲೆಯ ಖಾತೆಗೇ ಬರೆದುಬಿಡುವುದು ಸುಲಭ.

ಇದು ಏಕೆ ಆಗುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನರಕೋಶಗಳು ಹೊರಬಿಟ್ಟ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮರಳಿ ಒಳಗೆಳೆದುಕೊಳ್ಳುವ ವಾಹಕಗಳನ್ನು ಈ ಮಾತ್ರೆ ತಡೆಹಿಡಿಯುತ್ತದೆ. ವರ್ಷಗಟ್ಟಲೆ ಹಾಗೆ ತಡೆದಾಗ ಮಿದುಳು ಆ ಸ್ಥಿತಿಗೆ ಒಗ್ಗಿ ತನ್ನ ಒಳವ್ಯವಸ್ಥೆಯನ್ನೇ ಬದಲಿಸಿಕೊಂಡಿರುತ್ತದೆ. ಮಾತ್ರೆಯ ಅಂಶ ರಕ್ತದಿಂದ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ಒಗ್ಗಿದ ಮಿದುಳು ಹಳೆಯ ಸ್ಥಿತಿಗೆ ಮರಳಲು ಹಲವರಲ್ಲಿ ತಿಂಗಳುಗಳೇ ಬೇಕಾಗುತ್ತವೆ. ಇದನ್ನು ಚಟವೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಚಟದಲ್ಲಿ ಹಂಬಲವಿರುತ್ತದೆ, ದಿನದಿಂದ ದಿನಕ್ಕೆ ಹೆಚ್ಚು ಬೇಕೆನಿಸುತ್ತದೆ. ಇಲ್ಲಿರುವುದು ದೇಹ ಒಗ್ಗಿಕೊಂಡಿರುವುದು, ಅಷ್ಟೇ.

ಇನ್ನು ನಿಮ್ಮ ಎರಡನೆಯ ಪ್ರಯತ್ನ ಏಕೆ ಕೆಟ್ಟಿತೆಂಬುದು. ಮಾತ್ರೆಯ ಪ್ರಮಾಣಕ್ಕೂ ಮಿದುಳಿನ ಮೇಲೆ ಅದರ ಹಿಡಿತಕ್ಕೂ ನೇರ ಅನುಪಾತವಿಲ್ಲ. ನಿಮ್ಮ ಔಷಧದ ಮೂಲರೂಪವಾದ ಸಿಟಾಲೋಪ್ರಾಮ್‌ನ ಲೆಕ್ಕವನ್ನೇ ನೋಡಿ: 20 ಮಿ.ಗ್ರಾಂ. ಸುಮಾರು ಶೇ. 80ರಷ್ಟು ವಾಹಕಗಳನ್ನು ಹಿಡಿದಿಡುತ್ತದೆ. ಅದರ ಮೂರು ಪಟ್ಟು, 60 ಮಿ.ಗ್ರಾಂ. ಕೊಟ್ಟರೂ ಹಿಡಿತ ಶೇ. 87ರ ಆಸುಪಾಸಿಗಷ್ಟೇ ಏರುತ್ತದೆ. ಆದರೆ ಕೆಳಗೆ ಇಳಿದು ಬರಿಯ 2.3 ಮಿ.ಗ್ರಾಂ.ಗೆ ಬಂದಾಗಲೂ ಸುಮಾರು ಶೇ. 40ರಷ್ಟು ಹಿಡಿತ ಉಳಿದಿರುತ್ತದೆ. ಅದರ ಅರ್ಧದಷ್ಟು ಪ್ರಮಾಣದ ಎಸ್ಸಿಟಾಲೋಪ್ರಾಮ್ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ನಿಮ್ಮ ಜಿಲ್ಲೆಯ ದಾರಿಯಲ್ಲೇ ಹೇಳುವುದಾದರೆ, ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಎಷ್ಟು ಮೈಲಿ ಬಂದರೂ ಇಳಿದದ್ದೇ ತಿಳಿಯುವುದಿಲ್ಲ. ಆಗುಂಬೆ ದಾಟಿದ ಮೇಲೆ ಸೋಮೇಶ್ವರದವರೆಗಿನ ಚಿಕ್ಕ ದಾರಿಯಲ್ಲಿ ಘಟ್ಟವೆಲ್ಲ ಒಮ್ಮೆಗೇ ಇಳಿಯುತ್ತದೆ. 10ರಿಂದ 5ಕ್ಕೆ ಬರುವುದು ಆಗುಂಬೆಯವರೆಗಿನ ದಾರಿ. 5ರಿಂದ ಸೊನ್ನೆಗೆ ಬರುವುದು ಘಾಟಿ. ನೀವು ಆ ಘಾಟಿಯನ್ನು ತಿರುವುಗಳಿಲ್ಲದೆ ನೇರ ಇಳಿದಿರಿ.

ದಿನ ಬಿಟ್ಟು ದಿನ ತೆಗೆದುಕೊಳ್ಳುವ ಕ್ರಮವೂ ಈ ಔಷಧಕ್ಕೆ ಒಗ್ಗುವುದಿಲ್ಲ. ಎಸ್ಸಿಟಾಲೋಪ್ರಾಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 30 ಗಂಟೆ. ನಲವತ್ತೆಂಟು ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿ ಅದು ಮೂರರಲ್ಲೊಂದು ಭಾಗಕ್ಕೆ ಇಳಿದಿರುತ್ತದೆ. ಮತ್ತೆ ಮಾತ್ರೆ ನುಂಗಿದಾಗ ಏರುತ್ತದೆ. ಮಿದುಳಿಗೆ ದಿನ ಬಿಟ್ಟು ದಿನ ಬಿಡಿಸುವ ಕಷ್ಟ ಕೊಟ್ಟಂತಾಯಿತೇ ಹೊರತು ಇಳಿಸಿದಂತಾಗಲಿಲ್ಲ. ಖಿನ್ನತೆಗೆ ಕೊಡುವ ಇನ್ನೊಂದು ಔಷಧವಾದ ಫ್ಲೂಯೊಕ್ಸೆಟಿನ್ ಮಾತ್ರ ಇದಕ್ಕೆ ಹೊರತು. ಅದರಿಂದ ದೇಹದಲ್ಲಿ ಉಂಟಾಗುವ ಅಂಶ ಹಲವು ವಾರ ಉಳಿಯುವುದರಿಂದ ಅದು ತಾನೇ ನಿಧಾನವಾಗಿ ಇಳಿಯುತ್ತದೆ. ಕೆಲವು ವೈದ್ಯರು ಬಿಡಿಸುವ ಸಲುವಾಗಿಯೇ ರೋಗಿಯನ್ನು ಅದಕ್ಕೆ ಬದಲಾಯಿಸುವುದುಂಟು. ಖಿನ್ನತೆಯ ಔಷಧಗಳಲ್ಲಿ ಪ್ಯಾರೊಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಬಿಡಿಸಲು ಹೆಸರುವಾಸಿಯಾಗಿ ಕಷ್ಟ.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ನಮ್ಮ ದೇಶದಲ್ಲಿ ಎಸ್ಸಿಟಾಲೋಪ್ರಾಮ್ ಮತ್ತು ಆತಂಕ ತಗ್ಗಿಸುವ ಕ್ಲೋನಾಜೆಪಾಮ್ ಎರಡನ್ನೂ ಸೇರಿಸಿದ ಒಂದೇ ಮಾತ್ರೆ, ಹೆಸರಿನ ಕೊನೆಗೆ "ಪ್ಲಸ್" ಹೊತ್ತು, ಬಹಳ ಬಳಕೆಯಲ್ಲಿದೆ. ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ಎರಡು ಔಷಧಗಳನ್ನು ಒಟ್ಟಿಗೆ ಬಿಟ್ಟಂತೆ. ಕ್ಲೋನಾಜೆಪಾಮ್ ಹಠಾತ್ತನೆ ನಿಂತರೆ ಫಿಟ್ಸ್ ಬರುವ ಅಪಾಯವೂ ಇದೆ. ನಿಮ್ಮ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಎಷ್ಟು ಔಷಧಗಳ ಹೆಸರಿದೆಯೆಂಬುದನ್ನು ದಯವಿಟ್ಟು ಇಂದೇ ಓದಿ ನೋಡಿ.

ಮಾಳಮಡ್ಡಿ:

ತಂಗಿ, ವಯಸ್ಸಿನಲ್ಲಿ ಹಿರಿಯನಾದ್ದರಿಂದ ಹಾಗೆ ಕರೆಯುತ್ತೇನೆ. ನಾನು ಧಾರವಾಡದವನು, ಬ್ಯಾಂಕಿನಿಂದ ನಿವೃತ್ತನಾದವನು. ವೆನ್ಲಾಫ್ಯಾಕ್ಸಿನ್ 75 ಮಿ.ಗ್ರಾಂ. ಗುಳಿಗೆಯನ್ನು ಹನ್ನೊಂದು ವರ್ಷ ತೆಗೆದುಕೊಂಡೆ. ಬಿಡಲು ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಬಿಟ್ಟು ಈಗ ಮೂರು ವರ್ಷವಾಗಿದೆ.

ಈ ಔಷಧದ ಅವಧಿ ಎಷ್ಟು ಚಿಕ್ಕದೆಂದರೆ, ಒಮ್ಮೆ ಸೊಲ್ಲಾಪುರಕ್ಕೆ ಹೋಗುವಾಗ ಗುಳಿಗೆಯ ಪೊಟ್ಟಣ ಮನೆಯಲ್ಲೇ ಉಳಿದು, ಮರುದಿನ ಮಧ್ಯಾಹ್ನದ ಹೊತ್ತಿಗೆ ಬೀಗರ ಮನೆಯ ಪಂಕ್ತಿಯಲ್ಲಿ ಕುಳಿತವನು ಎಲೆಯ ಮುಂದಿನಿಂದ ಎದ್ದುಹೋಗಬೇಕಾಯಿತು. ನಾನು ಇದಿಲ್ಲದೆ ಬದುಕಲಾರೆನೇನೋ ಎಂಬ ಹೆದರಿಕೆ ಅಂದು ಹುಟ್ಟಿತು, ಬಿಡಬೇಕೆಂಬ ಮನಸ್ಸೂ ಅಂದೇ ಹುಟ್ಟಿತು. ವೈದ್ಯರು 75ರಿಂದ 37.5ಕ್ಕೆ ಇಳಿಸಿದರು, ಒಂದು ತಿಂಗಳು ಕಷ್ಟಪಟ್ಟು ದಾಟಿದೆ. ಅಲ್ಲಿಂದ ಮುಂದೆ ಮೆಟ್ಟಿಲೇ ಇರಲಿಲ್ಲ. ಔಷಧಿ ಅಂಗಡಿಯಲ್ಲಿ ಅದಕ್ಕಿಂತ ಚಿಕ್ಕದು ಸಿಗಲಿಲ್ಲ, 37.5ರಿಂದ ನೇರ ಸೊನ್ನೆ. ಎರಡು ಸಲ ಹಾರಿದೆ, ಎರಡು ಸಲವೂ ಬಿದ್ದೆ.

ಮೂರನೆಯ ಸಲ ಬೇರೊಬ್ಬ ವೈದ್ಯರು ದಾರಿ ತೋರಿಸಿದರು. ನನ್ನ ಕ್ಯಾಪ್ಸೂಲಿನೊಳಗೆ ಸಾಸಿವೆಗಿಂತ ಸಣ್ಣ ಬಿಳಿಯ ಕಾಳುಗಳಿದ್ದವು. ಅದನ್ನು ಬಿಚ್ಚಿ, ಕಾಳುಗಳನ್ನು ಎಣಿಸಿ, ಹತ್ತರಲ್ಲೊಂದು ಭಾಗ ತೆಗೆದು, ಉಳಿದದ್ದನ್ನು ಮತ್ತೆ ಮುಚ್ಚಿ ನುಂಗುವುದು. ತಿಂಗಳು ಕಳೆದ ಮೇಲೆ, ಮೈ ಸ್ಥಿರವಾಗಿದ್ದರೆ, ಆಗ ಎಷ್ಟಿದೆಯೋ ಅದರ ಹತ್ತರಲ್ಲೊಂದು ಭಾಗ ಮತ್ತೆ ಕಡಿಮೆ. ಮೊದಲಿನ ಪ್ರಮಾಣದ ಹತ್ತರಲ್ಲೊಂದಲ್ಲ, ಆಗ ಉಳಿದಿರುವುದರ ಹತ್ತರಲ್ಲೊಂದು. ಈ ವ್ಯತ್ಯಾಸದಲ್ಲೇ ಎಲ್ಲವೂ ಇದೆ. ಮೇಲೆ ಕಡಲಕರೆಯವರು ಹೇಳಿದ ಘಾಟಿಯ ತಿರುವು ಇದೇ ಇರಬೇಕು. ಪ್ರತಿ ರಾತ್ರಿ ಊಟವಾದ ಮೇಲೆ ಸ್ಟೀಲಿನ ತಟ್ಟೆಗೆ ಬಿಳಿ ಹಾಳೆ ಹಾಸಿ, ಕಾಳು ಹಾರದಂತೆ ಫ್ಯಾನು ನಿಲ್ಲಿಸಿ, ನಾನೊಂದು ಕಡೆ ನನ್ನ ಹೆಂಡತಿ ಒಂದು ಕಡೆ ಕುಳಿತು ಎಣಿಸುತ್ತಿದ್ದೆವು. ನಾಲ್ಕು ದಶಕ ನೋಟು ಎಣಿಸಿದವನಿಗೆ ಕೈ ನಡುಗಿ ಲೆಕ್ಕ ತಪ್ಪಿದಾಗ ಅವಳು ಮೊದಲಿನಿಂದ ಎಣಿಸುತ್ತಿದ್ದಳು. ಕಾಳುಗಳನ್ನು ಜಗಿಯಬಾರದು, ಪುಡಿ ಮಾಡಬಾರದು. ನಿಧಾನವಾಗಿ ಬಿಡುಗಡೆಯಾಗುವ ಗುಣ ಹೋಗಿಬಿಡುತ್ತದೆ. ಕೆಲವು ಕಂಪನಿಗಳ ಕ್ಯಾಪ್ಸೂಲಿನಲ್ಲಿ ಕಾಳಿನ ಬದಲು ಕೆಲವೇ ಪುಟ್ಟ ಮಾತ್ರೆಗಳಿರುತ್ತವೆ, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಇದರ ಸಂಬಂಧಿ ಔಷಧವಾದ ಡೆಸ್‌ವೆನ್ಲಾಫ್ಯಾಕ್ಸಿನ್ ಮಾತ್ರೆಯನ್ನಂತೂ ಮುರಿಯುವಂತೆಯೇ ಇಲ್ಲ. ಆದ್ದರಿಂದ ಇದನ್ನು ವೈದ್ಯರಿಗೆ ತಿಳಿಸದೆ ಯಾರೂ ಮನೆಯಲ್ಲಿ ಆರಂಭಿಸಬಾರದು.

ಹದಿನಾಲ್ಕನೆಯ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ಮಗನ ಮದುವೆಯ ಹೊತ್ತಿಗೆ ಮುಗಿಸಿಬಿಡಬೇಕೆಂದು ಒಂದೇ ತಿಂಗಳಲ್ಲಿ ಮೂರು ಹೆಜ್ಜೆ ಇಳಿದೆ. ದೇವರಕಾರ್ಯದ ದಿನ ತಲೆಸುತ್ತಿ ಗೋಡೆ ಹಿಡಿದು ನಿಂತೆ. ವೈದ್ಯರು ಹಿಂದಿನ ಪ್ರಮಾಣಕ್ಕೆ ಮರಳಿಸಿ, ಎರಡು ತಿಂಗಳು ಅಲ್ಲೇ ನಿಲ್ಲಿಸಿ, ಆಮೇಲೆ ಮತ್ತೆ ಇಳಿಸಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲಿ ಕಾಳುಗಳ ಸಂಖ್ಯೆ ಮತ್ತು ಆ ದಿನ ಹೇಗಿತ್ತೆಂಬುದಕ್ಕೆ ಒಂದರಿಂದ ಐದರವರೆಗಿನ ಅಂಕ ಬರೆಯುತ್ತಿದ್ದೆ. ಕೆಟ್ಟ ದಿನಗಳೆಲ್ಲ ಇಳಿಸಿದ ನಂತರದ ಮೊದಲ ಎರಡು ವಾರಗಳಲ್ಲೇ ಬಂದು ಹೋಗುತ್ತಿದ್ದುದನ್ನು ಆ ಕ್ಯಾಲೆಂಡರು ನನಗೂ ವೈದ್ಯರಿಗೂ ತೋರಿಸಿಕೊಟ್ಟಿತು. ಅದು ಇಲ್ಲದಿದ್ದರೆ ನಾನೂ ಕಾಯಿಲೆ ಮರಳಿತೆಂದೇ ತಿಳಿಯುತ್ತಿದ್ದೆ.

ಲೀಡ್ಸ್ ಕನ್ನಡತಿ:

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿರುವ ಮೈಸೂರಿನವಳು. ತುಂಗಾತೀರ ಅವರಿಗೆ ಅವರ ವೈದ್ಯರ ಮೇಲೆ ಬೇಸರವಾಗಿದ್ದರೆ ಅದು ಸಹಜ. ಆದರೆ ಆ ನಾಲ್ಕು ವಾರಗಳ ಕ್ರಮ ಒಬ್ಬ ವೈದ್ಯರ ಅಜಾಗ್ರತೆಯಲ್ಲವೆಂಬುದನ್ನು ಹೇಳಲೇಬೇಕು. ಇತ್ತೀಚಿನವರೆಗೆ ಜಗತ್ತಿನೆಲ್ಲೆಡೆ ಕಲಿಸಿದ್ದೇ ಅದನ್ನು. 2018ರಲ್ಲಿ ಇಲ್ಲಿನ ಮನೋವೈದ್ಯರ ರಾಯಲ್ ಕಾಲೇಜಿನ ಮುಖ್ಯಸ್ಥರು ಪತ್ರಿಕೆಗೆ ಬರೆದ ಪತ್ರದಲ್ಲಿ, ಬಹುಪಾಲು ರೋಗಿಗಳಲ್ಲಿ ಈ ತೊಂದರೆಗಳು ನಿಲ್ಲಿಸಿದ ಎರಡು ವಾರದೊಳಗೆ ಹೋಗುತ್ತವೆ ಎಂದಿದ್ದರು. ಅದನ್ನು ಓದಿದ ರೋಗಿಗಳೂ ಕೆಲವು ತಜ್ಞರೂ ಬಲವಾಗಿ ಪ್ರತಿಭಟಿಸಿದರು. 2019ರ ಮೇ ತಿಂಗಳಲ್ಲಿ ಅದೇ ಕಾಲೇಜು ತನ್ನ ನಿಲುವನ್ನು ಬದಲಿಸಿ, ಕೆಲವರಲ್ಲಿ ಇವು ತೀವ್ರವಾಗಿಯೂ ದೀರ್ಘವಾಗಿಯೂ ಇರಬಹುದೆಂದು ಒಪ್ಪಿಕೊಂಡಿತು. ಪ್ರಮಾಣವನ್ನು ಅನುಪಾತದಲ್ಲಿ ಇಳಿಸುವ ವಿಧಾನವನ್ನು ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ ಎಂಬ ಮನೋವೈದ್ಯ ಕ್ಷೇತ್ರದ ಇಬ್ಬರು ಅದೇ ವರ್ಷ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಅವರಲ್ಲಿ ಹೊರೊವಿಟ್ಸ್ ಸ್ವತಃ ಈ ಮಾತ್ರೆ ಬಿಡಲು ಕಷ್ಟಪಟ್ಟವರು. 2022ರಲ್ಲಿ ಇಲ್ಲಿನ ರಾಷ್ಟ್ರೀಯ ಮಾರ್ಗಸೂಚಿಯೂ ಹಂತಹಂತವಾಗಿ, ಆಗಿರುವ ಪ್ರಮಾಣಕ್ಕೆ ತಕ್ಕಂತೆ ಇಳಿಸಬೇಕೆಂದು ಹೇಳಿತು. ಖಿನ್ನತೆಯ ಹಳೆಯ ಔಷಧವಾದ ಇಮಿಪ್ರಮಿನ್ ಬಿಟ್ಟವರಲ್ಲಿ ಇಂಥ ತೊಂದರೆ ಕಂಡದ್ದು ಆ ಔಷಧ ಬಂದ ಹೊಸತರಲ್ಲೇ, 1950ರ ದಶಕದ ಕೊನೆಯಲ್ಲೇ ದಾಖಲಾಗಿತ್ತೆಂಬುದನ್ನು ನೆನೆದರೆ ಇಷ್ಟು ತಡವಾದದ್ದು ದುಃಖದ ಸಂಗತಿ.

ಹಾಗೆಂದು ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಂದರೆಯಾಗುತ್ತದೆಂದು 2019ರ ಒಂದು ಸಮೀಕ್ಷೆ ಹೇಳಿದ್ದು ಬಹಳ ಚರ್ಚೆಗೆ ಒಳಗಾಯಿತು. 2024ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಔಷಧ ಬಿಟ್ಟವರಲ್ಲಿ ಸುಮಾರು ಶೇ. 31ರಷ್ಟು ಮಂದಿಗೆ ಏನಾದರೊಂದು ತೊಂದರೆ ಕಂಡಿತ್ತು, ಔಷಧವಿಲ್ಲದ ಬರಿಯ ಹುಸಿಮಾತ್ರೆ ಬಿಟ್ಟವರಲ್ಲಿಯೂ ಶೇ. 17ರಷ್ಟು ಮಂದಿಗೆ ಕಂಡಿತ್ತು. ತೀವ್ರ ತೊಂದರೆ ಶೇ. 3ರ ಆಸುಪಾಸಿನಲ್ಲಿತ್ತು. ಆದರೆ ಅದರಲ್ಲಿನ ಅಧ್ಯಯನಗಳಲ್ಲಿ ಬಹಳಷ್ಟು ಕೆಲವೇ ವಾರ, ತಿಂಗಳು ಔಷಧ ತೆಗೆದುಕೊಂಡವರ ಮೇಲೆ ನಡೆದವು. ಒಂಬತ್ತು ವರ್ಷ ತೆಗೆದುಕೊಂಡವರಿಗೆ ಆ ಅಂಕಿಯನ್ನು ಹಾಗೆಯೇ ಹಚ್ಚುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

ನಾನು ಎಸ್ಸಿಟಾಲೋಪ್ರಾಮ್ ಬಿಟ್ಟದ್ದು ಹನಿಗಳ ಮೂಲಕ. ಇಲ್ಲಿ ಸಿಗುವ ದ್ರವರೂಪದಲ್ಲಿ ಒಂದು ಹನಿಗೆ 1 ಮಿ.ಗ್ರಾಂ.; ಕೊನೆಯ ಹನಿಯನ್ನು ಅಳತೆಯ ನೀರಿನಲ್ಲಿ ಬೆರೆಸಿ ಅದರ ಭಾಗಗಳನ್ನು ಕುಡಿಯಲು ಔಷಧಾಲಯದವರು ಹೇಳಿಕೊಟ್ಟರು. ನೆದರ್ಲೆಂಡ್ಸ್‌ನಲ್ಲಿ ದಿನದಿನಕ್ಕೆ ಪ್ರಮಾಣ ಇಳಿಯುತ್ತ ಹೋಗುವ ಮಾತ್ರೆಗಳ ಉದ್ದನೆಯ ಪಟ್ಟಿಯನ್ನೇ ತಯಾರಿಸುತ್ತಾರೆ.

ಬಯಲುಸೀಮೆ:

ಎಲ್ಲರೂ ಬಿಟ್ಟವರ ಕಥೆ ಹೇಳಿದ್ದೀರಿ. ಬಿಡದೆ ಉಳಿದವನ ಮಾತೂ ಇಲ್ಲಿ ಇರಲಿ.

ನನಗೆ ಖಿನ್ನತೆ ಮೂರು ಸಲ ಬಂದಿದೆ. ಎರಡನೆಯ ಸಲ ಮಾತ್ರೆ ಬಿಟ್ಟು ಏಳು ತಿಂಗಳು ಚೆನ್ನಾಗಿಯೇ ಇದ್ದೆ. ಕರೆಂಟು, ತಲೆಸುತ್ತು ಯಾವುದೂ ಇರಲಿಲ್ಲ. ಎಂಟನೆಯ ತಿಂಗಳು ಮೆಲ್ಲಗೆ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗತೊಡಗಿತು. ಆಮೇಲೆ ಹೊಲಕ್ಕೆ ಹೋಗುವುದು ನಿಂತಿತು, ಸ್ನಾನ ನಿಂತಿತು. ಮೂರನೆಯ ಸಲ ಆಸ್ಪತ್ರೆಯಲ್ಲಿ ಇರಬೇಕಾಯಿತು, ನನ್ನ ತಮ್ಮ ರಾತ್ರಿಯೆಲ್ಲ ಮಂಚದ ಪಕ್ಕ ಕಾವಲು ಕೂರಬೇಕಾಯಿತು. ಅದು ಮಾತ್ರೆ ಬಿಟ್ಟದ್ದರ ಪರಿಣಾಮವಲ್ಲ, ಕಾಯಿಲೆಯೇ. ಎರಡನ್ನೂ ಬೇರ್ಪಡಿಸಿ ನೋಡಬೇಕೆಂದು ಕಡಲಕರೆಯವರು ಹೇಳಿದ್ದನ್ನು ಎರಡೂ ಕಡೆಗೆ ಅನ್ವಯಿಸಿಕೊಳ್ಳಬೇಕು: ಬಿಟ್ಟದ್ದರ ಪರಿಣಾಮವನ್ನು ಕಾಯಿಲೆಯೆನ್ನುವುದು ಎಷ್ಟು ತಪ್ಪೋ, ಮರಳುತ್ತಿರುವ ಕಾಯಿಲೆಯನ್ನು ಬಿಟ್ಟದ್ದರ ಪರಿಣಾಮವೆಂದು ಸಹಿಸಿಕೊಂಡು ಕೂರುವುದೂ ಅಷ್ಟೇ ತಪ್ಪು, ಮತ್ತು ಹೆಚ್ಚು ಅಪಾಯದ್ದು.

ನನ್ನ ವೈದ್ಯರು ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ವಿವರಿಸಿದ್ದರು. ದೀರ್ಘಕಾಲ ಮಾತ್ರೆ ತೆಗೆದುಕೊಂಡು, ಬಿಡಬಹುದೆನಿಸುವಷ್ಟು ಚೆನ್ನಾಗಿದ್ದ 478 ಜನರಲ್ಲಿ ಕೆಲವರಿಗೆ ಮಾತ್ರೆ ಮುಂದುವರಿಸಿ, ಉಳಿದವರಿಗೆ ಗೊತ್ತಾಗದಂತೆ ಹುಸಿಮಾತ್ರೆಗೆ ಬದಲಾಯಿಸಿದರು. ವರ್ಷದೊಳಗೆ ಖಿನ್ನತೆ ಮರಳಿದ್ದು ಮುಂದುವರಿಸಿದವರಲ್ಲಿ ಶೇ. 39, ಬಿಟ್ಟವರಲ್ಲಿ ಶೇ. 56. ಅಂದರೆ ಬಿಡುವುದರಲ್ಲಿ ಅಪಾಯವಿದೆ. ಆದರೆ ಬಿಟ್ಟವರಲ್ಲಿಯೂ ಶೇ. 44ರಷ್ಟು ಮಂದಿ ಆ ವರ್ಷವನ್ನು ಖಿನ್ನತೆ ಮರಳದೆಯೇ ಕಳೆದರು. ನಾನು ಮೂರು ಸಲ ಬಿದ್ದವನಾದ್ದರಿಂದ ಉಳಿಯಲು ತೀರ್ಮಾನಿಸಿದೆ. ನಿಮಗೆ ಒಂದೇ ಸಲ ಬಂದದ್ದು, ಅದೂ ತಂದೆಯವರ ಸಾವಿನ ಬೆನ್ನಲ್ಲಿ. ನಿಮ್ಮ ಲೆಕ್ಕ ಬೇರೆ.

ಒಂದು ಕೋರಿಕೆ. ಇಳಿಸುವ ಕಾಲದಲ್ಲಿ ಬದುಕು ಬೇಡವೆನಿಸಿದರೆ, ಅಥವಾ ಕುಳಿತಲ್ಲಿ ಕೂರಲಾರದಂಥ ತಳಮಳ ಉಂಟಾದರೆ, ಯಾವುದರ ಪರಿಣಾಮವೆಂದು ವಿಚಾರಿಸುತ್ತ ಕೂರಬೇಡಿ. ಅಂದೇ ವೈದ್ಯರನ್ನು ಕಾಣಿರಿ. ರಾತ್ರಿಯ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ನೀವು ಇಳಿಸುತ್ತಿರುವ ವಿಷಯ ತಿಳಿದಿರಲಿ. ನನ್ನ ತಮ್ಮನಿಗೆ ತಿಳಿದಿರಲಿಲ್ಲ.

ತುಂಗಾತೀರ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ನಿಮ್ಮೆಲ್ಲರ ಉತ್ತರಗಳನ್ನು ಎರಡೆರಡು ಸಲ ಓದಿದೆ. ಮಾಳಮಡ್ಡಿಯ ಅಣ್ಣನವರು ಹೇಳಿದಂತೆ, ಕಳೆದ ಬೇಸಿಗೆಯ ದಿನಗಳನ್ನು ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆದೆ: ಯಾವ ದಿನ ಎಷ್ಟು ಇಳಿಸಿದೆ, ಯಾವ ದಿನ ಏನಾಯಿತು, ಮತ್ತೆ ಆರಂಭಿಸಿದ ಎಷ್ಟನೆಯ ದಿನ ನಿಂತಿತು. ಅದನ್ನು ಹಿಡಿದುಕೊಂಡು ನನ್ನ ವೈದ್ಯರ ಬಳಿಗೇ ಹೋದೆ. ಹೊರಗೆ ರೋಗಿಗಳ ಸಾಲು ಇದ್ದರೂ ಅವರು ಹಾಳೆಯನ್ನು ಪೂರ್ತಿ ಓದಿದರು. "ಈ ಕರೆಂಟಿನ ವಿಷಯವನ್ನು ನೀವು ಅಂದು ಹೇಳಲಿಲ್ಲವಲ್ಲ" ಎಂದರು. ನಿಜ, ಹೇಳಿರಲಿಲ್ಲ; ಅಳುತ್ತಿದ್ದೆ, ಅಷ್ಟೇ. ಹೇಳಿದರೆ ಹುಚ್ಚೆನ್ನುತ್ತಾರೆಂಬ ಅಂಜಿಕೆಯೂ ಇತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಏನನ್ನೂ ಬದಲಿಸಬಾರದೆಂದು ಇಬ್ಬರೂ ಒಪ್ಪಿದ್ದೇವೆ. ಆಮೇಲೆ ಮೊದಲ ಹೆಜ್ಜೆ 7.5, ಅಂದರೆ 5ರ ಒಂದು ಮಾತ್ರೆ ಮತ್ತು ಅದರ ಅರ್ಧ. ಕನಿಷ್ಠ ಆರು ವಾರ ಅಲ್ಲೇ. ಮುಂದೆ 5, ಅಲ್ಲಿಂದ ಕೆಳಗೆ ಇನ್ನೂ ಚಿಕ್ಕ ಹೆಜ್ಜೆಗಳು. ಎಷ್ಟು ಕಾಲ ಹಿಡಿಯುತ್ತದೆಂದು ಈಗಲೇ ಗೊತ್ತುಮಾಡುವುದು ಬೇಡವೆಂದರು. ಕಡಲಕರೆಯವರಿಗೆ ಒಂದು ಪ್ರಶ್ನೆ: 5ರ ಮಾತ್ರೆಯನ್ನು ಕಾಲು ಭಾಗ ಮಾಡಬೇಕಾಗಿ ಬಂದಾಗ ಹೋಳುಗಳು ಸಮನಾಗದಿದ್ದರೆ ಏನು ಮಾಡಬೇಕು?

ಕಡಲಕರೆ:

ಎಸ್ಸಿಟಾಲೋಪ್ರಾಮ್‌ನ ಸಾಮಾನ್ಯ ಮಾತ್ರೆಯನ್ನು ಕತ್ತರಿಸಬಹುದು. ಒಂದು ಹೋಳಿನಲ್ಲಿ ತುಸು ಹೆಚ್ಚುಕಡಿಮೆಯಾದರೂ, ಅರ್ಧಾಯುಷ್ಯ ಒಂದು ದಿನಕ್ಕಿಂತ ಹೆಚ್ಚಿರುವುದರಿಂದ ಮರುದಿನದ ಹೋಳು ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಒಂದು ಮಾತ್ರೆಯ ನಾಲ್ಕು ಹೋಳುಗಳನ್ನು ಅನುಕ್ರಮವಾಗಿ ನಾಲ್ಕು ದಿನ ತೆಗೆದುಕೊಂಡು ಮುಗಿಸಿದ ಮೇಲೆಯೇ ಇನ್ನೊಂದನ್ನು ಕತ್ತರಿಸಿ. ಕಾಲು ಭಾಗಕ್ಕಿಂತ ಕೆಳಗೆ ಹೋಗಬೇಕಾದಾಗ ದ್ರವರೂಪವನ್ನು ತರಿಸುವ ಅಥವಾ ಮಾಡಿಸುವ ದಾರಿಯನ್ನು ವೈದ್ಯರೊಂದಿಗೆ ಈಗಿನಿಂದಲೇ ಮಾತನಾಡಿಟ್ಟುಕೊಳ್ಳಿ. ಆ ಹೊತ್ತಿಗೆ ಅವಸರವಾಗಬಾರದು. ಅಡಕತ್ತರಿ ಮಾತ್ರ ಬೇಡ. ಔಷಧಿ ಅಂಗಡಿಯಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ.

ತುಂಗಾತೀರ:

ಧನ್ಯವಾದಗಳು ಸರ್. ಆ ಡಬ್ಬಿಯನ್ನು ನಿನ್ನೆ ಪೇಟೆಯಿಂದ ತಂದೆ. ಅಡಕತ್ತರಿಯನ್ನು ತೊಳೆದು ಅತ್ತೆಯವರ ಎಲೆಯಡಿಕೆಯ ತಟ್ಟೆಗೆ ಮರಳಿ ಇಟ್ಟಿದ್ದೇನೆ. ಅದೇಕೆ ಇಷ್ಟು ದಿನ ನನ್ನ ಬಳಿ ಇತ್ತೆಂದು ಅವರು ಕೇಳಿದಾಗ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಪರೀಕ್ಷೆ ಮುಗಿದ ಮರುವಾರದಿಂದ ಕ್ಯಾಲೆಂಡರಿನಲ್ಲಿ ಅಂಕ ಬರೆಯುವ ಕೆಲಸ ತಮ್ಮದೆಂದು ಹೇಳಿದ್ದಾರೆ.